ಮಿತಭಾಷಿ ಪಾತ್ರಕ್ಕೆ ಎಷ್ಟುದ್ದದ ಪೋಸ್ಟ್?

ಶಿವಮೊಗ್ಗದಲ್ಲಿ ನಾನು ನಡೆಸುವ ಕಥಾ ಕಮ್ಮಟಗಳಿಗೆ ಬರುವವರಲ್ಲಿ ರೋಲ್‌ಪ್ಲೇ ಬರೆಯುವ ಯುವಕ ಯುವತಿಯರು ಈಚೆಗೆ ಹೆಚ್ಚಾಗಿದ್ದಾರೆ. ಇಬ್ಬರೋ ನಾಲ್ವರೋ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಡಿಸ್ಕಾರ್ಡ್‌ನಲ್ಲೋ ಟೆಲಿಗ್ರಾಂನಲ್ಲೋ ಸರದಿಯ ಮೇಲೆ ಕಥೆ ಬೆಳೆಸುವ ಈ ಬರಹದಲ್ಲಿ ಪೋಸ್ಟ್ ಎಷ್ಟುದ್ದವಿರಬೇಕು ಎಂಬುದಕ್ಕೆ ಗುಂಪಿಗೊಂದು ಕಟ್ಟಳೆ ಇರುತ್ತದೆ. ಕೆಲವು ಕಡೆ ಒಂದು ಸಾಲು ಸಾಕು. ಕೆಲವು ಕಡೆ ಎರಡು ಪ್ಯಾರಾಕ್ಕಿಂತ ಕಡಿಮೆ ಬರೆದರೆ ಅಡ್ಮಿನ್ ಎಚ್ಚರಿಸುತ್ತಾರೆ. ನನ್ನ ಉತ್ತರ ಮಾತ್ರ ಪದಗಳ ಲೆಕ್ಕದಲ್ಲಿರುವುದಿಲ್ಲ. ಮಾತಿನ ಉದ್ದವನ್ನು ಪಾತ್ರದ ಸ್ವಭಾವ ನಿರ್ಧರಿಸಬೇಕು, ಪೋಸ್ಟ್‌ನ ಉದ್ದವನ್ನು ಎದುರಿನ ಲೇಖಕರ ಅಗತ್ಯ ನಿರ್ಧರಿಸಬೇಕು. ಇವೆರಡನ್ನೂ ಒಂದೇ ಎಂದು ಭಾವಿಸಿದ ಕಡೆ ದೃಶ್ಯ ಮುಂದೆ ಸಾಗುವುದಿಲ್ಲ.

ಕಮ್ಮಟದಲ್ಲಿ ನಾನು ಕೊಡುವ ಒಂದು ಸನ್ನಿವೇಶವನ್ನೇ ನೋಡೋಣ. ತೀರ್ಥಹಳ್ಳಿ ಕಡೆಯ ಮನೆಯೊಂದರಲ್ಲಿ ರಾತ್ರಿ ಅಡಿಕೆ ಸುಲಿಯುತ್ತಿದ್ದಾರೆ. ಬೆಂಗಳೂರಿನಿಂದ ಬಂದ ತಮ್ಮನ ಮಗಳು, ‘ದೊಡ್ಡಪ್ಪ, ನಮ್ಮ ಪಾಲಿನ ತೋಟ ಮಾರೋಣ ಅಂತ ಅಪ್ಪನಿಗೆ ಮನಸ್ಸಿದೆ’ ಎನ್ನುತ್ತಾಳೆ. ದೊಡ್ಡಪ್ಪನದು ಮಿತಭಾಷಿ ಪಾತ್ರ. ಆ ಪಾತ್ರವನ್ನು ವಹಿಸಿಕೊಂಡವರು ಬಹುಮಟ್ಟಿಗೆ ಬರೆಯುವುದು ಹೀಗೆ: ‘ಅವರು ಏನೂ ಹೇಳಲಿಲ್ಲ. ಹೂಂ ಎಂದರು.’ ಸ್ವಭಾವಕ್ಕೆ ಇದು ತಕ್ಕುದೇ ಆದರೂ ಮಗಳ ಪಾತ್ರ ಬರೆಯುವವರಿಗೆ ಹಿಡಿದುಕೊಳ್ಳಲು ಇದರಲ್ಲಿ ಏನೂ ಇಲ್ಲ. ಅವರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು, ಇಲ್ಲವೇ ಎದ್ದು ಹೋಗಬೇಕು. ಇದನ್ನೇ ತಿದ್ದಿ ಬರೆದರೆ ಹೀಗಾಗಬಹುದು:

‘ಅವರು ತಲೆ ಎತ್ತಲಿಲ್ಲ. ಮೆಟ್ಟುಗತ್ತಿಗೆ ಒತ್ತಿದ ಅಡಿಕೆ ಕೈಜಾರಿ ಬುಟ್ಟಿಯ ಆಚೆಗೆ ಉರುಳಿತು. ಸಂಜೆಯಿಂದ ಹಾಗಾದದ್ದು ಅದೇ ಮೊದಲು. ಎದುರು ಕೂತಿದ್ದ ಆಳು ಸುಲಿಯುವುದನ್ನು ನಿಲ್ಲಿಸಿ ಇತ್ತ ನೋಡಿದ. “ಆ ದೀಪ ಸ್ವಲ್ಪ ಈಚೆ ಸರಿಸು” ಎಂದರು.’

ದೊಡ್ಡಪ್ಪ ಈಗಲೂ ಆಡಿದ್ದು ಒಂದೇ ಮಾತು, ಅದೂ ಕೇಳಿದ್ದಕ್ಕೆ ಉತ್ತರವಲ್ಲ. ಆದರೆ ಮಗಳು ಉರುಳಿದ ಅಡಿಕೆಯನ್ನು ಎತ್ತಿಕೊಡಬಹುದು, ಆಳಿನ ಎದುರು ಈ ಮಾತು ತೆಗೆದದ್ದಕ್ಕೆ ಮುಜುಗರಪಡಬಹುದು, ದೀಪವನ್ನು ಸರಿಸದೆಯೇ ಕೂತು ಹಟ ತೋರಿಸಬಹುದು. ಮಾತಾಡದ ಪಾತ್ರ ಕಣ್ಣು, ಕೈ, ಸುತ್ತಲಿನ ವಸ್ತುಗಳ ಮೂಲಕವೇ ವ್ಯಕ್ತವಾಗಬೇಕಾದ್ದರಿಂದ ಅಂಥ ಪಾತ್ರದ ಪೋಸ್ಟ್ ಅನೇಕ ವೇಳೆ ವಾಚಾಳಿಯ ಪೋಸ್ಟ್‌ಗಿಂತ ಉದ್ದವಾಗುತ್ತದೆ. ಇದನ್ನು ಹೊಸಬರು ಸುಲಭವಾಗಿ ಒಪ್ಪುವುದಿಲ್ಲ.

ವಾಚಾಳಿ ಪಾತ್ರದ ತೊಡಕು ಬೇರೆ. ಅದೇ ಕಥೆಗೆ ಶಿವಮೊಗ್ಗದ ಮಂಡಿಯಿಂದ ಒಬ್ಬ ದಲ್ಲಾಳಿ ಬಂದನೆನ್ನಿ. ಅವನು ಬಾಯಿಬಡುಕ ಎಂಬ ಕಾರಣಕ್ಕೆ ಲೇಖಕರು ಅವನಿಂದ ಒಂದೇ ಪೋಸ್ಟ್‌ನಲ್ಲಿ ಅಡಿಕೆ ಧಾರಣೆ, ತೋಟದ ಬೆಲೆ, ಪಾಲುಪಟ್ಟಿ, ಮಗಳ ಮದುವೆ ಎಲ್ಲವನ್ನೂ ಕೇಳಿಸಿ, ಉಳಿದವರು ತಲೆಯಾಡಿಸಿದರು ಎಂದೂ ತಾವೇ ಬರೆದುಬಿಡುತ್ತಾರೆ. ಇನ್ನೊಬ್ಬರ ಪಾತ್ರದ ಪ್ರತಿಕ್ರಿಯೆಯನ್ನು ತಾನೇ ಬರೆಯುವ ಈ ಅಭ್ಯಾಸಕ್ಕೆ ರೋಲ್‌ಪ್ಲೇ ವಲಯದಲ್ಲಿ ಗಾಡ್‌ಮೋಡಿಂಗ್ ಎನ್ನುತ್ತಾರೆ. ಬರೆಯುವವರು ದುರಹಂಕಾರಿಗಳೇನಲ್ಲ; ಪೋಸ್ಟ್ ಉದ್ದವಾದಂತೆಲ್ಲ ಕಥೆಯೊಳಗಿನ ಸಮಯವೂ ಓಡುತ್ತದೆ, ಆ ಸಮಯದಲ್ಲಿ ಉಳಿದವರು ಏನಾದರೂ ಮಾಡುತ್ತಿರಲೇಬೇಕಾದ್ದರಿಂದ ಅದನ್ನೂ ಅವರೇ ತುಂಬಿಬಿಡುತ್ತಾರೆ.

ಸಾಗರ, ಹೊಸನಗರದ ಕಡೆ ತಾಳಮದ್ದಳೆ, ಅಂದರೆ ವೇಷ ಕುಣಿತಗಳಿಲ್ಲದೆ ಕೂತಲ್ಲೇ ಮಾತಿನಲ್ಲಿ ನಡೆಸುವ ಯಕ್ಷಗಾನ, ಕೇಳಿ ಬೆಳೆದವರಿಗೆ ಇದನ್ನು ತಿಳಿಸುವುದು ಸುಲಭ. ಅಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿ ಪೀಠಿಕೆಯನ್ನು ಎಷ್ಟೇ ಬೆಳೆಸಿದರೂ ಸಂವಾದಕ್ಕೆ ಇಳಿದ ಮೇಲೆ ಎದುರಿನವರು ನಡುವೆ ಬಾಯಿ ಹಾಕಿ ತಡೆಯಬಲ್ಲರು, ಮಾತಿನ ದಿಕ್ಕನ್ನೇ ತಿರುಗಿಸಬಲ್ಲರು. ಬರೆದು ಕಳಿಸಿದ ಪೋಸ್ಟ್‌ಗೆ ಈ ತಡೆಯಿಲ್ಲ. ಆದ್ದರಿಂದ ತಡೆಯನ್ನು ಲೇಖಕರೇ ಊಹಿಸಿ ನಿಲ್ಲಿಸಬೇಕು: ದಲ್ಲಾಳಿ ತೋಟದ ಬೆಲೆ ಕೇಳಿದ ಕೂಡಲೇ ದೊಡ್ಡಪ್ಪನಿಗೆ ಸಿಟ್ಟು ಬರುವುದು ಖಂಡಿತವಾದರೆ ಪೋಸ್ಟ್ ಅಲ್ಲಿಗೇ ಮುಗಿಯಬೇಕು. ವಾಚಾಳಿತನ ಒಂದು ಉದ್ದನೆಯ ಪೋಸ್ಟ್‌ಗಿಂತ ಬೇಗಬೇಗ ಬರುವ ಹಲವು ಗಿಡ್ಡ ಪೋಸ್ಟ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ. ಮುಂಗೋಪಿಗಳಿಗೂ ಇದೇ ಮಾತು ಸಲ್ಲುತ್ತದೆ.

ಕನಿಷ್ಠ ಉದ್ದದ ನಿಯಮವನ್ನು ನಾನು ಒಪ್ಪುವುದಿಲ್ಲ. ಎರಡು ಪ್ಯಾರಾ ತುಂಬಿಸಲೇಬೇಕೆಂದಾಗ ಲೇಖಕರು ಎದುರಿನವರ ಪೋಸ್ಟ್ ಅನ್ನೇ ಬೇರೆ ಮಾತುಗಳಲ್ಲಿ ಮರಳಿ ಬರೆಯುತ್ತಾರೆ, ಅಥವಾ ಮಳೆಯನ್ನು ವರ್ಣಿಸುತ್ತಾರೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನವರಾದ ನಮಗೆ ಇದು ಚಟವೇ ಆಗಿದೆ. ಮಳೆ ಬರಬಾರದೆಂದಲ್ಲ. ಅಕಾಲದಲ್ಲಿ ಹನಿಯುದುರಿದರೆ ಮಗಳು ಕಿಟಕಿಗೆ ಹೋಗಿ ನಿಲ್ಲುತ್ತಾಳೆ, ದೊಡ್ಡಪ್ಪ ಒಣಗಲು ಹಾಕಿದ ಅಡಿಕೆಯ ಕಡೆ ಓಡುತ್ತಾರೆ. ಅವರವರ ಗಮನ ಎತ್ತ ಹರಿಯಿತು ಎಂಬ ಎರಡು ಸಾಲು ಮಳೆಯ ಮೇಲಿನ ಇಡೀ ಪ್ಯಾರಾಕ್ಕಿಂತ ಹೆಚ್ಚನ್ನು ಹೇಳುತ್ತದೆ.

ಕನ್ನಡದಲ್ಲಿ ಬರೆಯುವವರು ತಾಂತ್ರಿಕ ಮಿತಿಯೊಂದನ್ನೂ ತಿಳಿದಿರಬೇಕು. ಟೆಲಿಗ್ರಾಂನ ಒಂದು ಸಂದೇಶಕ್ಕೆ 4096 ಕ್ಯಾರೆಕ್ಟರ್‌ಗಳ ಅವಕಾಶವಿದ್ದರೆ, ಹಣ ಕೊಡದ ಬಳಕೆದಾರರಿಗೆ ಡಿಸ್ಕಾರ್ಡ್‌ನಲ್ಲಿರುವುದು 2000 ಮಾತ್ರ. ಯೂನಿಕೋಡ್‌ನಲ್ಲಿ ಗುಣಿತ ಚಿಹ್ನೆ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಒತ್ತಿನ ವ್ಯಂಜನ ಇವೆಲ್ಲ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ‘ಶಿವಮೊಗ್ಗ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಎಂಟು. ‘ತೀರ್ಥಹಳ್ಳಿ’ಯೂ ನಾಲ್ಕೇ ಅಕ್ಷರವಾದರೂ ಯಂತ್ರಕ್ಕೆ ಹತ್ತು. ಹೀಗಾಗಿ 2000ದ ಮಿತಿಯಲ್ಲಿ ಹಿಡಿಸುವುದು ಹೆಚ್ಚುಕಡಿಮೆ ಇನ್ನೂರು ಕನ್ನಡ ಪದಗಳು. ಅದಕ್ಕಿಂತ ಉದ್ದವಾದುದನ್ನು ಎರಡು ಸಂದೇಶಗಳಾಗಿ ಒಡೆಯಬೇಕಾಗುತ್ತದೆ. ಒಡೆಯುವಾಗ ಮೊದಲರ್ಧವನ್ನು ಎದುರಿನವರು ಉತ್ತರಿಸಬಹುದಾದ ಜಾಗದಲ್ಲಿ ನಿಲ್ಲಿಸಿ ಕಳಿಸಿ, ಸ್ವಲ್ಪ ಕಾಯುವಂತೆ ನಾನು ಹೇಳುತ್ತೇನೆ. ಅಷ್ಟರಲ್ಲಿ ಉತ್ತರ ಬಂದರೆ ಉಳಿದರ್ಧವನ್ನು ಕಳಿಸದೆ ಅಳಿಸಿ, ಆ ಉತ್ತರಕ್ಕೆ ತಕ್ಕಂತೆ ಹೊಸದಾಗಿ ಬರೆಯಬೇಕು.