ಎಲ್ಲ ಉಬ್ಬೂ ಗ್ರೀಬಲ್ ಅಲ್ಲ

ಬೆಳಗಾವಿಯ ಒಂದು ಕಾಲೇಜಿನ ಅನಿಮೇಷನ್ ಪ್ರದರ್ಶನದಲ್ಲಿ ಒಬ್ಬ ಹುಡುಗ ತಾನು ಮಾಡಿದ ತಾರಾನೌಕೆ ತೋರಿಸುತ್ತಿದ್ದ. ಮಾಡೆಲ್ ಚೆನ್ನಾಗಿಯೇ ಇತ್ತು. ಎರಡೂ ಪಕ್ಕಕ್ಕೆ ಉದ್ದನೆಯ ಬಿಳಿ ಹಲಗೆಗಳು. ‘ರೇಡಿಯೇಟರ್ ಏನಪ್ಪಾ?’ ಎಂದು ಕೇಳಿದೆ. ‘ಅಲ್ರೀ ಸರ, ಗ್ರೀಬಲ್ ಅವು. ರಿಯಲಿಸ್ಟಿಕ್ ಕಾಣ್ಲಿ ಅಂತ ಹಚ್ಚೀನ್ರಿ’ ಎಂದ. ಪಕ್ಕದ ಪೋಸ್ಟರಿನಲ್ಲಿ ಇಂಧನದ ಟ್ಯಾಂಕಿಗೂ ಆಂಟೆನಾಗೂ ಕಿಟಕಿಗೂ ಒಂದೇ ಲೇಬಲ್: ಗ್ರೀಬಲ್ಸ್. ಯೂಟ್ಯೂಬ್ ಪಾಠಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿತ್ತು. ಈಗ ಊರಿಗೇ ಬಂತು. ಆ ಪದಕ್ಕೆ ಒಂದು ಗತಿ ಕಾಣಿಸಲೇಬೇಕು.

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್ ತೆರೆದವರಿಗೆಲ್ಲ ಗ್ರೀಬಲ್ ಹೇಗಿರುತ್ತದೆ ಎಂದು ಗೊತ್ತು. ನೌಕೆಯ ಮೈಮೇಲೆ ಕೂರಿಸುವ ಪುಟ್ಟ ಪೆಟ್ಟಿಗೆ, ಪೈಪು, ಪಟ್ಟಿ, ತೂತು. ಮರೆತುಹೋಗುವುದು ಒಂದೇ: ಗ್ರೀಬಲ್‌ಗೆ ಕೆಲಸ ಇರುವುದಿಲ್ಲ, ಇರುವ ಹಾಗೆ ಕಾಣುತ್ತದೆ ಅಷ್ಟೇ. ಕೆಲಸ ಇದ್ದರೆ ಅದು ನೌಕೆಯ ಭಾಗ. ಹಾಗಾದರೆ ಅಲಂಕಾರವೇ? ಅದೂ ಪೂರ್ತಿ ಅಲ್ಲ. ಅಲಂಕಾರ ತಾನು ಅಲಂಕಾರ ಎಂದು ಒಪ್ಪಿಕೊಳ್ಳುತ್ತದೆ. ಗ್ರೀಬಲ್ ಒಪ್ಪಿಕೊಳ್ಳುವುದಿಲ್ಲ, ಯಂತ್ರದ ವೇಷ ಹಾಕಿ ನಿಂತಿರುತ್ತದೆ.

ಪದದ ಹುಟ್ಟು ನೋಡಿದರೆ ಇದು ಸರಿಯಾಗಿ ಅರ್ಥವಾಗುತ್ತದೆ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಸ್ಟಾರ್ ವಾರ್ಸ್’ ಚಿತ್ರಕ್ಕಾಗಿ ಜಾರ್ಜ್ ಲೂಕಸ್ ಕಟ್ಟಿದ ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’ ಸಂಸ್ಥೆಯ ಮಾಡೆಲ್ ಮಾಡುವವರ ಮೇಜಿನ ಮೇಲೆ ಹುಟ್ಟಿದ ಮಾತಿದು. ಗ್ರೀಬಲ್, ಗ್ರೀಬ್ಲಿ ಎರಡೂ ರೂಪ ಓಡಾಡುತ್ತಿದ್ದವು. ಲ್ಯಾಟಿನ್ನು, ಗ್ರೀಕು ಎಂದು ಮೂಲ ಹುಡುಕಿಕೊಂಡು ಹೋಗಬೇಡಿ, ಏನೂ ಸಿಗುವುದಿಲ್ಲ. ಹೆಸರಿಲ್ಲದ ಸಾಮಾನಿಗೆ ಕೆಲಸದ ಮಧ್ಯೆ ಬಾಯಿಗೆ ಬಂದ ಹೆಸರು. ‘ಆ ಇದು ಕೊಡಪ್ಪ, ಅದರ ಪಕ್ಕದ್ದು’ ಎನ್ನುತ್ತೇವಲ್ಲ, ಆ ಜಾತಿಯದು. ಅದಕ್ಕೆ ಸ್ವಂತ ಹೆಸರು ಇರಲಿಲ್ಲ ಅನ್ನುವುದೇ ಮುಖ್ಯ. ರೇಡಿಯೇಟರ್‌ಗೆ ಹೆಸರಿದೆ. ಆಂಟೆನಾಗೆ ಹೆಸರಿದೆ. ಹೆಸರಿರುವುದನ್ನು ಹಿಡಿದು ಗ್ರೀಬಲ್ ಅನ್ನುವುದು ಯಾಕೆ?

ಹೀಗೆ ಅಂಟಿಸುವ ರೂಢಿ ಹೆಸರಿಗಿಂತ ಹಳೆಯದು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಮಾಡೆಲ್‌ಗಳಲ್ಲೇ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್‌ಗಳ ಬಿಡಿಭಾಗ ಅಂಟಿಸಿದ್ದರು. ಲೂಕಸ್ ಬಳಗದವರೂ ಯುದ್ಧ ಟ್ಯಾಂಕು, ವಿಮಾನ, ಹಡಗಿನ ಕಿಟ್‌ಗಳನ್ನು ರಾಶಿ ರಾಶಿ ತಂದು, ಬೇಕಾದ ತುಂಡು ಕಿತ್ತು ಅಂಟಿಸಿದರು. ಈ ವಿಧಾನಕ್ಕೆ ಕಿಟ್‌ಬ್ಯಾಶಿಂಗ್ ಎನ್ನುತ್ತಾರೆ. ಇದನ್ನೂ ಗ್ರೀಬಲ್ ಜೊತೆ ಕಲಸುವವರಿದ್ದಾರೆ. ಕಿಟ್‌ಬ್ಯಾಶಿಂಗ್ ಮಾಡುವ ರೀತಿ, ಗ್ರೀಬಲ್ ಮಾಡಿದ ಮೇಲೆ ಸಿಕ್ಕ ವಸ್ತು. ಇನ್ನು ‘ನರ್ನಿ’ ಎಂದೂ ಒಂದು ಪದವಿದೆ. ಹೆಚ್ಚುಕಡಿಮೆ ಅದೇ ಅರ್ಥ, ಅದರ ತಂಟೆ ಬೇಡ.

ಅವರು ಅಷ್ಟು ಕಷ್ಟಪಟ್ಟದ್ದು ‘ರಿಯಲಿಸ್ಟಿಕ್’ ಕಾಣಲಿ ಎಂದಲ್ಲ. ದೊಡ್ಡದು ಕಾಣಲಿ ಎಂದು. 1977ರ ‘ಸ್ಟಾರ್ ವಾರ್ಸ್’ ಶುರುವಿನಲ್ಲಿ ತಲೆಯ ಮೇಲೆ ಹಾದುಹೋಗುವ ತ್ರಿಕೋನದ ನೌಕೆ ಇದೆಯಲ್ಲ, ಅದರ ಮಾಡೆಲ್ ಸುಮಾರು 91 ಸೆಂಟಿಮೀಟರ್ ಉದ್ದ. ಕಥೆಯ ಲೆಕ್ಕದಲ್ಲಿ ಅದು 1,600 ಮೀಟರ್. ಭಾಗಿಸಿ ನೋಡಿ. ಮಾಡೆಲ್ ಮೇಲಿನ 1 ಮಿಲಿಮೀಟರ್ ಅಂದರೆ ನೌಕೆಯ ಮೇಲೆ ಹತ್ತಿರ ಹತ್ತಿರ 1.75 ಮೀಟರ್. ಒಬ್ಬ ಆಳಿನ ಎತ್ತರ! 1 ಸೆಂಟಿಮೀಟರಿನ ಟ್ಯಾಂಕ್ ಕಿಟ್ ತುಂಡು ಅಲ್ಲಿ ಐದಾರು ಮಹಡಿಯ ಕಟ್ಟಡವಾಗಿಬಿಡುತ್ತದೆ. ಮೈ ನುಣ್ಣಗೆ ಬಿಟ್ಟಿದ್ದರೆ ಕ್ಯಾಮೆರಾ ಅಷ್ಟು ಹತ್ತಿರ ಹೋದಾಗ ಬಣ್ಣ ಬಳಿದ ಪ್ಲಾಸ್ಟಿಕ್ ಹಲಗೆ ಎಂದು ತಕ್ಷಣ ಗೊತ್ತಾಗುತ್ತಿತ್ತು. ಅಂದರೆ ಗ್ರೀಬಲ್ ಕಣ್ಣಿಗೆ ಅಳತೆಪಟ್ಟಿ. ಅದರ ಗಾತ್ರವನ್ನು ಮನುಷ್ಯನ ಲೆಕ್ಕಕ್ಕೆ ಕಟ್ಟಿಹಾಕದಿದ್ದರೆ ಹಾಕಿದ್ದು ದಂಡ. ಇಬ್ಬರು ಕೂರುವ ಫೈಟರಿಗೂ ಇಡೀ ಊರು ಹೊತ್ತ ನೌಕೆಗೂ ಒಂದೇ ಗಾತ್ರದ ಪೆಟ್ಟಿಗೆ ಅಂಟಿಸಿದರೆ, ಎರಡೂ ಆಟದ ಸಾಮಾನಾಗುತ್ತವೆ.

ಈ ಅಳತೆಯ ಪಾಠ ಕಲಿಯಲು ನಮ್ಮ ಕಡೆಯವರು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ, ವಿಜಯಪುರಕ್ಕೆ ಹೋದರೆ ಸಾಕು. ಗೋಳಗುಮ್ಮಟದ ಫೋಟೋ ತೆಗೆದುಕೊಳ್ಳಿ. ನಾಲ್ಕು ಮೂಲೆಯ ಗೋಪುರಗಳನ್ನು ಕೈಯಲ್ಲಿ ಮುಚ್ಚಿ ಬರೀ ಗುಮ್ಮಟ ನೋಡಿ. ಹೊರಗಿನ ವ್ಯಾಸ ಸುಮಾರು 44 ಮೀಟರ್ ಇರುವ ಗುಮ್ಮಟ ಬೋರಲು ಹಾಕಿದ ಬಟ್ಟಲಿನ ಹಾಗೆ ಕಾಣುತ್ತದೆ. ಕೈ ತೆಗೆಯಿರಿ. ಎಂಟು ಮೂಲೆಯ ಗೋಪುರ, ಏಳು ಅಂತಸ್ತು, ಪ್ರತಿ ಅಂತಸ್ತಿಗೂ ಕಮಾನಿನ ಕಿಂಡಿಗಳು. ಆ ಕಿಂಡಿಯಲ್ಲಿ ಒಬ್ಬ ನಿಂತರೆ ಎಷ್ಟು ಕಾಣುತ್ತಾನೆ ಎಂದು ಕಣ್ಣು ತಾನೇ ಲೆಕ್ಕ ಹಾಕುತ್ತದೆ, ಗುಮ್ಮಟ ಒಮ್ಮೆಲೇ ಬೆಳೆದು ನಿಲ್ಲುತ್ತದೆ. ಇನ್ನೊಂದು ಗಮನಿಸಿ. ಗುಮ್ಮಟದ ಮೈ ಬೋಳು. ಕುಸುರಿ ಎಲ್ಲ ಅಂಚಿನಲ್ಲಿ: ಬುಡದ ದಳಗಳು, ಗೋಡೆಯ ತುದಿಯಲ್ಲಿ ಮುಂದೆ ಚಾಚಿದ ಕಪೋತ, ಅದರ ಮೇಲಿನ ಸಾಲು ಕಮಾನು. ನೌಕೆಗೂ ಇದೇ ಬೇಕು. ಕಣ್ಣಿಗೆ ವಿಶ್ರಾಂತಿ ಕೊಡುವ ಬೋಳು ಜಾಗ ಜಾಸ್ತಿ, ಕಿಕ್ಕಿರಿದ ಜಾಗ ಕಮ್ಮಿ. ಎಲ್ಲ ಕಡೆ ಒಂದೇ ಸಮ ಗ್ರೀಬಲ್ ಸುರಿದರೆ ಅದು ಬರೀ ಒರಟು ಮೈ, ದೂರದಿಂದ ಮರಳು ಕಾಗದ ಕಂಡ ಹಾಗೆಯೇ.

ಹಾಂ, ಗೋಳಗುಮ್ಮಟದ ಕಿಂಡಿಗಳು ಗ್ರೀಬಲ್ ಅಲ್ಲ. ಗೋಪುರದೊಳಗೆ ಮೆಟ್ಟಿಲಿದೆ, ಬೆಳಕು ಬೇಕು. ಅವು ಭಾಗ. ಬುಡದ ದಳ ಅಲಂಕಾರ. ಗ್ರೀಬಲ್ ಅಲ್ಲಿ ಒಂದೂ ಇಲ್ಲ. ಅಳತೆ ತೋರಿಸುವ ಕೆಲಸವನ್ನು ನಿಜವಾದ ಭಾಗಗಳೇ ಮಾಡುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಅದಕ್ಕೇ ಆ ಹುಡುಗನ ರೇಡಿಯೇಟರ್ ವಿಷಯಕ್ಕೆ ಅಷ್ಟು ಬೇಜಾರಾದದ್ದು. ಗಾಳಿಯಿಲ್ಲದ ಕಡೆ ಎಂಜಿನ್ನಿನ ಬಿಸಿಯನ್ನು ಬೀಸಿ ಆರಿಸಲು ಆಗುವುದಿಲ್ಲ. ವಿಕಿರಣವಾಗಿಯೇ ಹೊರಗೆ ಹೋಗಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಬಿಳಿ ಮಡಿಕೆ ಹಲಗೆಗಳಲ್ಲಿ ಅಮೋನಿಯಾ ಹರಿಯುವುದು ಅದಕ್ಕೇ. ಹಲಗೆಯ ನಿರಪೇಕ್ಷ ತಾಪ (ಕೆಲ್ವಿನ್ ಲೆಕ್ಕದ್ದು) ಎರಡು ಪಟ್ಟಾದರೆ ಅದು ಹೊರಹಾಕುವ ಶಾಖ ಹದಿನಾರು ಪಟ್ಟಾಗುತ್ತದೆ. ಹಾಗಾಗಿ ಕೆಂಪಗೆ ಕಾದ ಸಣ್ಣ ರೇಡಿಯೇಟರ್ ಬೇಕೋ, ತಣ್ಣಗಿರುವ ದೊಡ್ಡದು ಬೇಕೋ ಎಂದು ಬಿಡಿಸುವವನೇ ಆರಿಸಬಹುದು. ಎಂಥ ಚಂದದ ಆಯ್ಕೆ ನೋಡಿ! ‘ಒಡಿಸ್ಸಿ’ಯ ಡಿಸ್ಕವರಿ ನೌಕೆಯ ಮೊದಲ ನಕ್ಷೆಗಳಲ್ಲಿ ರೇಡಿಯೇಟರ್ ಇತ್ತು. ರೆಕ್ಕೆಯ ಹಾಗೆ ಕಾಣುತ್ತದೆ, ಗಾಳಿಯಿಲ್ಲದ ಕಡೆ ರೆಕ್ಕೆ ಯಾಕೆ ಎಂದು ಜನ ಕೇಳುತ್ತಾರೆ ಎಂದು ತೆಗೆದುಬಿಟ್ಟರು. ನಮ್ಮ ಹುಡುಗ ಸರಿಯಾದ ಜಾಗದಲ್ಲಿ ಸರಿಯಾದದ್ದನ್ನೇ ಇಟ್ಟು ಅದನ್ನು ಗ್ರೀಬಲ್ ಎಂದು ಕರೆದ!

ಇಂಧನದ ಟ್ಯಾಂಕಿನದೂ ಅದೇ ಕಥೆ. ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು 1973ರಿಂದ 78ರವರೆಗೆ ಕಾಗದದ ಮೇಲೆ ಲೆಕ್ಕ ಹಾಕಿ ‘ಡೆಡಲಸ್’ ಎಂಬ ತಾರಾನೌಕೆ ರೂಪಿಸಿದರು. ಒಟ್ಟು ತೂಕ ಸುಮಾರು 54,000 ಟನ್, ಅದರಲ್ಲಿ 50,000 ಟನ್ ಬರೀ ಇಂಧನ. ಬೆಳಕಿನ ವೇಗದ ಶೇ 12ರಷ್ಟು ಮುಟ್ಟಿ, ಸುಮಾರು 6 ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರದ ಹತ್ತಿರ ಹೋಗಲು ಅಷ್ಟು ಬೇಕು. ಆ ಚಿತ್ರ ನೋಡಿದವರಿಗೆ ನೆನಪಿರುವುದು ಗುಂಡು ಗುಂಡು ಟ್ಯಾಂಕುಗಳು ಮತ್ತು ಹಿಂದಿರುವ ದೊಡ್ಡ ಗಂಟೆಯಂಥ ಎಂಜಿನ್ ಬಾಯಿ. ಅದೇ ನೌಕೆಯ ರೂಪ. ಅದನ್ನು ಮೇಲೆ ಅಂಟಿಸಿದ ವಿವರ ಎಂದು ಬದಿಗೆ ಸರಿಸಲು ಬರುವುದಿಲ್ಲ.

ಹಾಗೆಂದು ಗ್ರೀಬಲ್ ಹಾಕಲೇಬೇಡಿ ಎನ್ನುತ್ತಿಲ್ಲ. ಹಾಕುವಾಗ ಸುಳ್ಳನ್ನು ನೆಟ್ಟಗೆ ಹೇಳಿ. ಬೆಳಗಾವಿಯವರಾದರೆ ಉದ್ಯಮಬಾಗದ ಯಾವುದಾದರೂ ವರ್ಕ್‌ಶಾಪಿನಲ್ಲಿ ಎಣ್ಣೆಯ ಒತ್ತಡದಿಂದ ಯಂತ್ರ ನಡೆಸುವ ಒಂದು ಹೈಡ್ರಾಲಿಕ್ ಪವರ್ ಪ್ಯಾಕ್ ಮುಂದೆ ನಿಂತು ನೋಡಿ. ಹೋಸ್ ಪಂಪಿನಿಂದ ಹೊರಟು ವಾಲ್ವಿಗೆ ಹೋಗುತ್ತದೆ, ಅಲ್ಲಿಂದ ಸಿಲಿಂಡರಿಗೆ, ಮತ್ತೆ ಟ್ಯಾಂಕಿಗೆ. ಎಲ್ಲೂ ಸುಮ್ನೆ ಶುರುವಾಗಿ ಸುಮ್ನೆ ಮುಗಿಯುವುದಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಲು ಪ್ರತಿ ನಟ್ಟಿನ ಸುತ್ತ ಜಾಗ ಬಿಟ್ಟಿರುತ್ತಾರೆ. ಗೇಜು ಆಪರೇಟರಿನ ಕಡೆಗೆ ಮುಖ ಮಾಡಿರುತ್ತದೆ. ಈ ಮೂರನ್ನು ಪಾಲಿಸಿದ ಗ್ರೀಬಲ್ ಅನ್ನು ಎಂಜಿನಿಯರ್ ಕೂಡ ಅನುಮಾನಿಸುವುದು ಕಷ್ಟ. ಬ್ಲೆಂಡರಿನ ಡಿಸ್ಕಾಂಬಾಬ್ಯುಲೇಟರ್ ಆಡ್‌ಆನ್‌ಗೆ ಇದೊಂದೂ ಗೊತ್ತಿಲ್ಲ. ಒಂದು ಬಟನ್ ಒತ್ತಿದರೆ ಮೈತುಂಬ ಪೆಟ್ಟಿಗೆ ಉದುರಿಸುತ್ತದೆ. ಪದ ಕೆಟ್ಟಿದ್ದರಲ್ಲಿ ಇಂಥ ಬಟನ್‌ಗಳ ಪಾಲು ದೊಡ್ಡದು ಎಂದು ನನ್ನ ಗುಮಾನಿ. ಬಟನ್ ಒತ್ತುವ ಮೊದಲು ನೌಕೆಯನ್ನು ಪೂರ್ತಿ ಕಪ್ಪು ನೆರಳಾಗಿ ನೋಡಿ. ನೆರಳಲ್ಲೇ ಗುರುತು ಸಿಗದಿದ್ದರೆ ಎಷ್ಟು ಗ್ರೀಬಲ್ ಹಾಕಿದರೂ ಅಷ್ಟೇ.

ಕೊನೆಗೆ ಹುಡುಕುವವರಿಗೆ ಒಂದು ಮಾತು. ಗ್ರೀಬಲ್ಸ್ ಎಂದು ಗೂಗಲ್ ಮಾಡಿದಾಗ ಕೊಂಬು, ಮೂಗು ಇರುವ ನೇರಳೆ ಗೊಂಬೆಗಳು ಬಂದರೆ ಗಾಬರಿಯಾಗಬೇಡಿ. ಅವು ಮುಖ ಗುರುತಿಸುವ ಬಗೆ ತಿಳಿಯಲು ಮನಶ್ಶಾಸ್ತ್ರದವರು 1990ರ ದಶಕದಲ್ಲಿ ಬಳಸಿದ ಗೊಂಬೆಗಳು, ನೌಕೆಗೂ ಅವಕ್ಕೂ ಸಂಬಂಧವಿಲ್ಲ. ದೀರ್ಘ ಬಿಟ್ಟು ಗ್ರಿಬಲ್ ಎಂದು ಬರೆಯಲೂ ಬೇಡಿ. ಅದು ಸಮುದ್ರದಲ್ಲಿ ಮರ ಕೊರೆದು ತಿನ್ನುವ ಪುಟ್ಟ ಜೀವಿ, ಹಿಂದೆ ಮರದ ಹಡಗುಗಳಿಗೆ ದೊಡ್ಡ ಕಾಟವಾಗಿತ್ತು.