ಎಂಡ್ ಟು ಎಂಡ್ ಅಂದರೆ ಟವರ್ ತನಕ ಅಲ್ಲ

ವಿಜಯಪುರದಲ್ಲಿ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಮಾರುವವರ ಇನ್ನೊಂದು ಕರಪತ್ರ ಕೈಗೆ ಬಂತು. ‘100 ಎಂಬಿಪಿಎಸ್, ಎಂಡ್ ಟು ಎಂಡ್ ಕ್ಯೂಓಎಸ್ ಗ್ಯಾರಂಟಿ’ ಅಂತ ದಪ್ಪ ಅಕ್ಷರದಲ್ಲಿದೆ. ಎಂಬಿಪಿಎಸ್ ಇರಲಿ, ಬಿಡಿ. ಉಳಿದ ಮಾತು ಬರೆದವರಿಗೇ ಗೊತ್ತಿದ್ದಂತಿಲ್ಲ.

ಕ್ಯೂಓಎಸ್ ಅಂದರೆ ಕ್ವಾಲಿಟಿ ಆಫ್ ಸರ್ವಿಸ್. ಇದರಲ್ಲಿ ಸ್ಪೀಡ್ ಒಂದು ಭಾಗ ಮಾತ್ರ. ಡೇಟಾ ಎಷ್ಟು ತಡವಾಗಿ ಬಂತು, ಆ ತಡ ಎಷ್ಟು ಏರಿಳಿಯಿತು, ಎಷ್ಟು ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ದಾರಿಯಲ್ಲೇ ಕಳೆದುಹೋದವು ಎನ್ನುವುದೂ ಸೇರುತ್ತದೆ. ಹಂಗಾಮಿನಲ್ಲಿ ಬಾಗಲಕೋಟೆ ಕಡೆ ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆ ನಾಲ್ಕು ಪಟ್ಟು ಅಗಲ ಮಾಡಿದರೂ ತೂಕದ ಕಾಟಾ ಒಂದೇ ಇದ್ದರೆ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಲೇಬೇಕು. ಅಗಲ ಬೇರೆ, ಕಾಯುವ ಹೊತ್ತು ಬೇರೆ.

ಈಗ ‘ಎಂಡ್’ ವಿಷಯ. ಜನ ಹೆಚ್ಚಾಗಿ ತಪ್ಪುವುದು ಇಲ್ಲೇ. ಒಂದು ಕರೆಯಲ್ಲಿ ಎರಡು ತುದಿ ಅಂದರೆ ಮಾತಾಡುವವರ ಫೋನು ಮತ್ತು ಕೇಳುವವರ ಫೋನು. ಫೋನು ಮತ್ತು ಟವರ್ ಅಲ್ಲ. ನಡುವೆ ಗಾಳಿ, ಟವರ್, ಅಲ್ಲಿಂದ ಹೋಗುವ ಫೈಬರ್ ಅಥವಾ ಮೈಕ್ರೋವೇವ್ ಕೊಂಡಿ, ಕಂಪನಿಯ ಕೋರ್ ನೆಟ್‌ವರ್ಕ್ (ಟವರ್‌ಗಳನ್ನೆಲ್ಲ ಜೋಡಿಸುವ ನಡುವಿನ ಜಾಲ), ಆಮೇಲೆ ಆ ಕಡೆಯ ಅಷ್ಟೇ ಸಾಲು. ತಡ ಎಲ್ಲ ಕಡೆ ಕೂಡುತ್ತಾ ಹೋಗುತ್ತದೆ.

ಲೆಕ್ಕ ನೋಡಿ. 4ಜಿಯಲ್ಲಿ ಫೋನ್ ಕರೆಗೆ ಕೊಡುವ ದರ್ಜೆಯ ಹೆಸರು ಕ್ಯೂಸಿಐ 1. ಫೋನಿನಿಂದ ಕೋರ್‌ನ ಗೇಟ್‌ವೇ (ಹೊರ ಜಾಲಕ್ಕೆ ದಾಟುವ ಬಾಗಿಲು) ತನಕ ಅದಕ್ಕಿರುವ ತಡದ ಮಿತಿ 100 ಮಿಲಿಸೆಕೆಂಡ್. ಎರಡೂ ಕಡೆ ಮೊಬೈಲ್ ಇದ್ದರೆ 200 ಆಯ್ತು. ಮಾತು ಹಿತವಾಗಿರಲು ಒಂದು ದಿಕ್ಕಿನ ತಡ 150 ದಾಟಬಾರದು ಎನ್ನುತ್ತದೆ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುದ ಜಿ.114 ಶಿಫಾರಸು. ಅಂದರೆ ಎರಡೂ ಕಡೆಯ ಜಾಲ ತಮ್ಮ ತಮ್ಮ ಮಿತಿಯೊಳಗೇ ಇದ್ದು, ಒಟ್ಟು ಕರೆ ಮಾತ್ರ ಕೆಡಬಹುದು! ವಾಸ್ತವದಲ್ಲಿ ತಡ ಆ ಮಿತಿಗಿಂತ ಕಡಿಮೆ ಇರುವುದೇ ಜಾಸ್ತಿ, ನಿಜ. ಆದರೆ ಗ್ಯಾರಂಟಿ ಅನ್ನುವವರು ಮಿತಿಯ ಲೆಕ್ಕವನ್ನೇ ಕೊಡಬೇಕು ಅಲ್ವಾ?

ಗಾಳಿಯ ತೊಂದರೆ ಬೇರೆಯೇ ಇದೆ. ಸಿಗ್ನಲ್ ಕ್ಷಣಕ್ಕೊಮ್ಮೆ ಬದಲಾಗುತ್ತದೆ, ಟವರ್ ಎಲ್ಲರಿಗೂ ಹಂಚಿಕೆ. ಪ್ಯಾಕೆಟ್ ಕೆಟ್ಟರೆ ರೇಡಿಯೋ ಮಟ್ಟದಲ್ಲೇ ಮತ್ತೆ ಕಳಿಸುತ್ತಾರೆ. ಹಾಗಾಗಿ ಕಳೆದದ್ದು ಕಾಣುವುದಿಲ್ಲ, ತಡ ಕಾಣುತ್ತದೆ.

ಜನರಿಗೆ ಗೊತ್ತೇ ಆಗದ ಇನ್ನೊಂದು ಸಂಗತಿ. ಒಂದೇ ಫೋನು, ಒಂದೇ ಟವರ್. ವೋಎಲ್‌ಟಿಇ ಕರೆ, ಅಂದರೆ 4ಜಿ ಮೇಲಿನ ಮಾಮೂಲಿ ಫೋನ್ ಕರೆ, ಕ್ಯೂಸಿಐ 1ರಲ್ಲಿ ಹೋಗುತ್ತದೆ, ಅದಕ್ಕೆ ಇಷ್ಟು ವೇಗ ಅಂತ ಮೀಸಲು ಇರುತ್ತದೆ. ವಾಟ್ಸಾಪ್ ಕರೆ ಸಾಮಾನ್ಯವಾಗಿ ಹೋಗುವುದು ಉಳಿದ ಇಂಟರ್‌ನೆಟ್ ಜೊತೆಗೇ, ಮೀಸಲಿಲ್ಲದ ದರ್ಜೆಯಲ್ಲಿ. ಹೆಚ್ಚಾಗಿ ಅದು ಕ್ಯೂಸಿಐ 9, ತಡದ ಮಿತಿ 300. ಸಂಜೆ ಟವರ್ ತುಂಬಿದಾಗ ಮೊದಲನೆಯದು ಸರಿ ಇದ್ದು ಎರಡನೆಯದು ತುಂಡು ತುಂಡಾದರೆ ಸುಮ್ನೆ ಫೋನನ್ನು ಬೈಯಬೇಡಿ.

ಇಂಟರ್‌ನೆಟ್‌ನಲ್ಲೂ ಪ್ಯಾಕೆಟ್ ಮೇಲೆ ಗುರುತು ಹಾಕುವ ವ್ಯವಸ್ಥೆ 1998ರಿಂದ ಇದೆ, ಡಿಫ್‌ಸರ್ವ್ ಅಂತ. ಧ್ವನಿಗೆ ಸಾಮಾನ್ಯವಾಗಿ 46 ಎಂಬ ಗುರುತು. ಮುಂದಿನ ಕಂಪನಿಯ ರೂಟರ್ (ಪ್ಯಾಕೆಟ್‌ಗೆ ದಾರಿ ತೋರುವ ಯಂತ್ರ) ಅದನ್ನು ಅಳಿಸಬಹುದು, ನೋಡದೆಯೂ ಬಿಡಬಹುದು. ಒಪ್ಪಂದ ಇಲ್ಲದಿದ್ದರೆ ಯಾರೂ ಕೇಳುವಂತಿಲ್ಲ. ದಾರಿಯುದ್ದಕ್ಕೂ ಜಾಗ ಕಾಯ್ದಿರಿಸುವ ಆರ್‌ಎಸ್‌ವಿಪಿ 1997ರಲ್ಲೇ ಬಂತು. ಸಾರ್ವಜನಿಕ ಇಂಟರ್‌ನೆಟ್‌ನಲ್ಲಿ ಅದು ನೆಲೆ ನಿಲ್ಲಲಿಲ್ಲ. ಪ್ರತಿ ರೂಟರೂ ಪ್ರತಿ ಕರೆಯನ್ನು ನೆನಪಿಡಬೇಕು ಅಂದರೆ ಯಾರಿಂದ ಆದೀತು?

ಹಾಗಾಗಿ ಒಂದೇ ಕಂಪನಿಯ ಜಾಲದೊಳಗೆ ಎಂಡ್ ಟು ಎಂಡ್ ಅಂದರೆ ಒಪ್ಪಬಹುದು. ಅದರಾಚೆ ಯಾರ ಜೊತೆ ಒಪ್ಪಂದ ಇದೆ ಅಂತ ಕೇಳಿ. ಸ್ಪೀಡ್ ಟೆಸ್ಟ್ ತೋರಿಸಿದರೆ ಒಪ್ಪಬೇಡಿ, ಅದು ಸಾಮಾನ್ಯವಾಗಿ ಹತ್ತಿರದ ಸರ್ವರ್ ತನಕದ ಮಾತು. ರಾತ್ರಿ ಒಂಬತ್ತಕ್ಕೆ, ಮನೆಯಲ್ಲಿ ಯಾರಾದರೂ ದೊಡ್ಡ ವಿಡಿಯೋ ಅಪ್‌ಲೋಡ್ ಮಾಡುತ್ತಿರುವಾಗ, ನೀವು ದಿನಾ ಬಳಸುವ ಸರ್ವರ್‌ಗೆ ಪಿಂಗ್ (ಹೋಗಿ ಬರುವ ತಡ ಅಳೆಯುವ ಪರೀಕ್ಷೆ) ಹಾಕಿ ನೋಡಿ. 40 ಮಿಲಿಸೆಕೆಂಡ್ ಇದ್ದದ್ದು 400ಕ್ಕೆ ಹಾರಿದರೆ ಕರಪತ್ರದ 100 ಎಂಬಿಪಿಎಸ್ ಕರೆಯನ್ನು ಉಳಿಸುವುದಿಲ್ಲ.