ಮರದ ಕಾರ್ಖಾನೆಗೆ ಮರದ ಕಂಬವೇ?

ಪ್ರಶ್ನೆ: ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಹಳೆಯ ಪೀಠೋಪಕರಣ ಕಾರ್ಖಾನೆಯೊಂದನ್ನು ನೋಡಿದೆ. ಹೊರಗೆಲ್ಲ ಇಟ್ಟಿಗೆ, ಒಳಗೆ ಮರದ ಕಂಬ, ಮರದ ತೊಲೆ. ಹೊಟ್ಟು, ವಾರ್ನಿಷ್ ತುಂಬಿದ್ದ ಜಾಗಕ್ಕೆ ಕಬ್ಬಿಣ ಹಾಕಬಾರದಿತ್ತೇ? ದುಡ್ಡು ಉಳಿಸಿದರೇ?

ಉತ್ತರ: ಆ ಊರಿನ ಮಾತು ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಹೆಸರು ಮಾಡಿದ ಬರ್ಕಿ ಅಂಡ್ ಗೇ ಕಂಪನಿಯ ಊರು ಅದು. ಮಂಚ, ಬೀರುಗಳಿಂದಲೇ ಬೆಳೆದದ್ದು. ಅಲ್ಲಿನವರಿಗೆ ಮರ ಉರಿಯುತ್ತದೆಂದು ತಿಳಿಯದೇ?

ಕಬ್ಬಿಣ ಉರಿಯುವುದಿಲ್ಲ, ಆದ್ದರಿಂದ ಕಬ್ಬಿಣವೇ ಕ್ಷೇಮ ಎಂಬ ಈ ನಂಬಿಕೆಯನ್ನು ಎಷ್ಟು ಸಲ ಕಿತ್ತೆಸೆದರೂ ಮತ್ತೆ ಚಿಗುರುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು, ನಿಜ. ಆದರೆ ಸೂರು ಕುಸಿಯಲು ಅದು ಕರಗಬೇಕಿಲ್ಲ. 600 ಡಿಗ್ರಿಯ ಹೊತ್ತಿಗೇ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿದು, ತೊಲೆ ಬಾಗುತ್ತದೆ. ಎರಕದ ಕಂಬವಾದರೆ, ಕಾದಾಗ ನೀರು ಬಿದ್ದರೆ ಸೀಳಿಯೇಬಿಡಬಹುದು.

ಮರದ ಪಾಠ ಬೇಕಿದ್ದರೆ ಬಚ್ಚಲ ಒಲೆಯ ಮುಂದೆ ಕುಳಿತುಕೊಳ್ಳಿ. ಪುರಳೆ ಚಟಪಟನೆ ಉರಿದು ಬೂದಿಯಾಗುತ್ತದೆ. ದಪ್ಪ ಕೊರಡು ಹಂಡೆಯ ನೀರು ಕಾದ ಮೇಲೂ ಉಳಿದಿರುತ್ತದೆ. ಅದನ್ನು ಎಳೆದು ಆರಿಸಿ ಮಚ್ಚಿನಿಂದ ಕೆತ್ತಿ ನೋಡಿ: ಮೇಲೆ ಇದ್ದಿಲು, ಒಳಗೆ ಹಸನಾದ ಮರ. ಆ ಇದ್ದಿಲೇ ಒಳಗಿನ ತಿರುಳಿಗೆ ಕವಚ. ಒಂದೊಂದು ಬದಿಯಿಂದ ಗಂಟೆಗೆ ಸುಮಾರು 4 ಸೆಂಟಿಮೀಟರ್ ಮಾತ್ರ ಸುಡುತ್ತದೆ. 30 ಸೆಂಟಿಮೀಟರ್ ದಪ್ಪದ ಕಂಬದಲ್ಲಿ ಗಂಟೆಯ ನಂತರವೂ 22 ಉಳಿದಿರುತ್ತದೆ.

ಇದನ್ನು ಕಟ್ಟಿಸಿದ್ದು ಜಿಪುಣತನವಲ್ಲ, ವಿಮೆಯ ಲೆಕ್ಕಾಚಾರ. ಮುನ್ನೆಚ್ಚರಿಕೆ ವಹಿಸಿದ ಗಿರಣಿಗೂ ಕಂತು ಇಳಿಸಲಿಲ್ಲವೆಂದು ರೋಡ್ ಐಲೆಂಡ್‌ನ ಗಿರಣಿ ಮಾಲೀಕ ಜಕರಾಯ ಆ್ಯಲನ್ 1835ರಲ್ಲಿ ಮಾಲೀಕರದೇ ವಿಮಾ ಕೂಟ ಕಟ್ಟಿದರು. ಅಂಥ ಕೂಟಗಳು ಬೆಳೆಸಿದ ಪದ್ಧತಿ ಇದು: ದಪ್ಪ ತೊಲೆ, ಮೂರು ಅಂಗುಲದ ಹಲಗೆ ನೆಲ, ಬೆಂಕಿ ಅಡಗಲು ಎಲ್ಲಿಯೂ ಟೊಳ್ಳಿಲ್ಲ. ಗೋಡೆಯೊಳಗಿನ ತೊಲೆಯ ತುದಿಯನ್ನು ಓರೆಯಾಗಿ ಕತ್ತರಿಸುತ್ತಿದ್ದರು. ಸುಟ್ಟು ಬಿದ್ದರೂ ಗೋಡೆಯನ್ನು ಮೀಟಿ ಕೆಡವದೆ ಜಾರಿ ಹೋಗಲಿ ಎಂದು. ಬೆಂಕಿ ತಡೆಯುವ ಬಾಗಿಲೂ ಮರದ್ದೇ, ಮೇಲೆ ತಗಡಿನ ಹೊದಿಕೆ. ಬರೀ ಕಬ್ಬಿಣದ ಬಾಗಿಲು ಕಾದರೆ ಸೊಟ್ಟಗಾಗಿ ಸಂದು ಬಿಡುತ್ತಿತ್ತು.

ಇಂಥ ಕಾರ್ಖಾನೆಗಳ ಚಾವಣಿಯ ಮೇಲಿನ ತೊಟ್ಟಿಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದು ಕುಡಿಯುವ ನೀರಿಗಲ್ಲ. ಕೆಳಗಿನ ಕೊಳವೆಗಳ ಬಾಯಿಗೆ ಬೇಗ ಕರಗುವ ಬೆಸುಗೆ ಹಾಕಿರುತ್ತಿದ್ದರು. ಬಿಸಿ ತಟ್ಟಿದರೆ ಬೆಸುಗೆ ಬಿಟ್ಟು ನೀರು ತಾನಾಗಿ ಸುರಿಯುತ್ತಿತ್ತು. 1874ರಲ್ಲಿ ನ್ಯೂ ಹೇವನ್‌ನ ಹೆನ್ರಿ ಪಾರ್ಮಲಿ ಇಂಥದ್ದನ್ನು ಜೋಡಿಸಿದ್ದು ತಮ್ಮ ಪಿಯಾನೊ ಕಾರ್ಖಾನೆಗೆ. ಅದೂ ಮರಗೆಲಸದ ಜಾಗವೇ.